ಹತ್ತಿಯ ಹುಟ್ಟೂರು ಬರೆದವರು

19ನೆಯ ಶತಮಾನದಲ್ಲಿ ಮುಂಬಯಿ ಮತ್ತು ಲಿವರ್‌ಪೂಲ್ ಪೇಟೆಗಳ ದರಪಟ್ಟಿಯಲ್ಲಿ ‘ಕುಮಟಾ’ ಎಂಬ ಹತ್ತಿಗೆ ತನ್ನದೇ ಒಂದು ಸಾಲಿತ್ತು. ಆದರೆ ಕರಾವಳಿಯ ಬಂದರು ಊರಾದ ಕುಮಟಾ ಭತ್ತ, ತೆಂಗು, ಅಡಿಕೆಯ ಸೀಮೆ. ಅಲ್ಲಿ ಹತ್ತಿಯ ಹೊಲಗಳಿರಲಿಲ್ಲ. ಘಟ್ಟದ ಮೇಲಿನ ಧಾರವಾಡ ಜಿಲ್ಲೆಯ ಎರೆ ನೆಲದಲ್ಲಿ ಬೆಳೆದ ಜವಾರಿ ಹತ್ತಿ ಚಕ್ಕಡಿಗಳಲ್ಲಿ, ಹೇರೆತ್ತುಗಳ ಬೆನ್ನಿನ ಮೇಲೆ ಘಟ್ಟ ಇಳಿದು ಆ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಹಡಗು ಹತ್ತಿದ ಊರೇ ಅದರ ಹುಟ್ಟೂರೆಂದು ದಾಖಲಾಯಿತು. ಶಿಗ್ಗಾಂವಿ ಕಡೆಯ ರೈತ ಬಿತ್ತಿ, ಎಡೆ ಹೊಡೆದು, ಹೆಂಗಸರು ಮಕ್ಕಳೆಲ್ಲ ಸೇರಿ ಬಿಡಿಸಿ ತಂದ ಹತ್ತಿಗೆ ಅವನು ಕಂಡಿರದ ಕಡಲೂರಿನ ಹೆಸರು ಬಿತ್ತು.

ಇವತ್ತು ಎರಡು ದೇಶಗಳು ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡರೆ ಅದರಲ್ಲಿ ಮೂಲದ ನಿಯಮಗಳು ಎಂಬ ದಪ್ಪನೆಯ ಅಧ್ಯಾಯ ಇದ್ದೇ ಇರುತ್ತದೆ. ಸುಂಕದ ರಿಯಾಯಿತಿ ಸಿಗುವುದು ಒಪ್ಪಂದ ಮಾಡಿಕೊಂಡ ದೇಶದಲ್ಲಿ ಹುಟ್ಟಿದ ಸರಕಿಗೆ ಮಾತ್ರ. ಮೂರನೆಯವರ ಸರಕು ಅಲ್ಲಿ ಚೀಲ ಬದಲಿಸಿಕೊಂಡು ಒಳಗೆ ಬರಬಾರದು. ಹಾಗಾಗಿ ಸರಕು ಎಲ್ಲಿಯದು ಎಂದು ಯಾರೋ ಕೇಳಬೇಕು, ಯಾರೋ ಬರೆದು ಕೊಡಬೇಕು. ವ್ಯಾಪಾರದ ದಾರಿ ಬದಲಾದಂತೆ ಈ ನಿಯಮಗಳನ್ನು ತಿದ್ದುತ್ತಲೂ ಇರಬೇಕು. ಇಂದಿನ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಹತ್ತಿಯ ಬೆನ್ನು ಹಿಡಿದು ಹೊರಟರೆ ಈ ತಿದ್ದುವಿಕೆಗೆ ನೂರೈವತ್ತು ವರ್ಷಕ್ಕೂ ಮಿಕ್ಕ ಚರಿತ್ರೆ ಸಿಗುತ್ತದೆ. ನಿಯಮ ಹೊಸದಾದಾಗಲೆಲ್ಲ ಪ್ರಶ್ನೆ ಕೇಳುವ ಜಾಗ ಬದಲಾಗಿದೆ, ಉತ್ತರ ಬರೆಯುವ ಕೈ ಬದಲಾಗಿದೆ. ಬೆಳೆದವನ ಕೈಗೆ ಮಾತ್ರ ಆ ಲೇಖಣಿ ಬಂದಿಲ್ಲ. ಈ ಚರಿತ್ರೆಯಲ್ಲಿ ನನ್ನನ್ನು ಕಾಡುವ ಸಂಗತಿ ಇದು.

ಮೊದಲು ನೆಲದ ವಿಚಾರ. ಬ್ರಿಟಿಷರ ಕಾಲದ ನಕಾಶೆಯಲ್ಲಿ ಈ ನಾಲ್ಕರಲ್ಲಿ ಹಾನಗಲ್ ಬಿಟ್ಟರೆ ಉಳಿದವು ಇದೇ ಹೆಸರಿನ ತಾಲ್ಲೂಕುಗಳಾಗಿ ಕಾಣುವುದಿಲ್ಲ. ಶಿಗ್ಗಾಂವಿ ಆಗ ಬಂಕಾಪುರ ತಾಲ್ಲೂಕಿನ ಕಚೇರಿ ಇದ್ದ ಊರು. ಹಿರೇಕೆರೂರು ಕೋಡ ತಾಲ್ಲೂಕಿನ ಕಚೇರಿ ಇದ್ದ ಊರು. ಅದರ ದಕ್ಷಿಣದ ಗಡಿ ದಾಟಿದರೆ ಮೈಸೂರು ಸಂಸ್ಥಾನದ ಶಿಕಾರಿಪುರ. ಸವಣೂರು ಬೇರೆಯದೇ ರಾಜ್ಯ. ಸುಮಾರು 70 ಚದರ ಮೈಲಿಯ ನವಾಬರ ಸಂಸ್ಥಾನ, ಸುತ್ತಲೂ ಬ್ರಿಟಿಷ್ ಧಾರವಾಡ ಜಿಲ್ಲೆ, ಮೇಲ್ವಿಚಾರಣೆಗೆ ಧಾರವಾಡದ ಕಲೆಕ್ಟರರೇ ಪೊಲಿಟಿಕಲ್ ಏಜೆಂಟ್. ಹಾನಗಲ್ ಮಲೆನಾಡಿನ ಸೆರಗು, ಭತ್ತ ಮತ್ತು ಕೆರೆಗಳ ಸೀಮೆ. ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗಿ ನೆಲ ಕಪ್ಪಾಗಿ ಹತ್ತಿ, ಜೋಳ ಶುರುವಾಗುತ್ತವೆ. ಕೆಲವೇ ದಿನಗಳ ಚಕ್ಕಡಿ ದಾರಿಯಲ್ಲಿ ಮೂರು ಸರಕಾರಗಳ ನೆಲ ದಾಟಬೇಕಾಗಿದ್ದ ಈ ಭಾಗದಲ್ಲಿ ಸರಕು ಎಲ್ಲಿಯದೆಂಬ ಪ್ರಶ್ನೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ.

ಸುಂಕ ಇಲ್ಲಿಗೆ ಹೊಸದೂ ಅಲ್ಲ. ಹಾನಗಲ್ಲಿನ ಕದಂಬರು ಪಾನುಂಗಲ್ 500 ಮತ್ತು ಬನವಾಸಿ 12000ಗಳನ್ನು ಆಳುತ್ತಿದ್ದ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳು ಮತ್ತೆ ಮತ್ತೆ ಬರುತ್ತವೆ. ದೇವಾಲಯಕ್ಕೆ ಹೋಗುವ ಎಣ್ಣೆಗೆ, ಅಡಿಕೆಗೆ ಸುಂಕ ಬಿಟ್ಟುಕೊಟ್ಟ ಅಧಿಕಾರಿಗಳ ದತ್ತಿಗಳೂ ಕಲ್ಲಿನ ಮೇಲೆ ಉಳಿದಿವೆ. ಆ ರಿಯಾಯಿತಿಗಳಲ್ಲಿ ಸರಕು ಯಾರಿಗಾಗಿ ಹೋಗುತ್ತಿದೆ ಎಂಬುದೇ ಮುಖ್ಯ. ಎಲ್ಲಿ ಬೆಳೆಯಿತು ಎಂಬುದು ಸುಂಕದ ಲೆಕ್ಕಕ್ಕೆ ಬಂದದ್ದು ಬಹಳ ತಡವಾಗಿ. 1830ರ ದಶಕದ ಕೊನೆಗೆ ಬ್ರಿಟಿಷರು ಮುಂಬಯಿ ಪ್ರಾಂತದ ಒಳನಾಡಿನ ದಾರಿಸುಂಕ ತೆಗೆದರು. 1844ರ ಕಾಯ್ದೆಯಿಂದ ಪಟ್ಟಣ ಸುಂಕಗಳೂ ಕುಶಲಕರ್ಮಿಗಳ ಮೇಲಿನ ಮೋಹತರ್ಫಾ ತೆರಿಗೆಯೂ ಹೋದವು. ಸುಂಕದ ಕಟ್ಟೆಗಳು ಒಳನಾಡಿನಿಂದ ಕಡಲಿಗೂ ಪರರಾಜ್ಯದ ಗಡಿಗೂ ಸರಿದವು.

ಹೆಚ್ಚು ಕಡಿಮೆ ಅದೇ ಹೊತ್ತಿಗೆ ಧಾರವಾಡದ ಹೊಲಗಳಿಗೆ ಎರಡನೆಯ ಹತ್ತಿ ಬಂತು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಕರೆತಂದಿತು. ಅವರಲ್ಲಿ ಮರ್ಸರ್ ಎಂಬವರು ಧಾರವಾಡ ಸೀಮೆಗೆ ಬಂದರು. ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಎದ್ದಿತು. ಕಲೆಕ್ಟರ್ ಶಾ ಅವರ ಒತ್ತಾಸೆಯೂ ಸೇರಿ, ದೇಶದ ಉಳಿದೆಡೆ ಸೋತ ನ್ಯೂ ಆರ್ಲಿಯನ್ಸ್ ಬೀಜ ಇಲ್ಲಿ ನೆಲೆ ಕಂಡಿತು. ರೈತರು ಅದನ್ನು ವಿಲಾಯತಿ ಹತ್ತಿ ಎಂದರು, ಪೇಟೆಯವರು ಧಾರವಾಡ-ಅಮೆರಿಕನ್ ಎಂದರು. ಜವಾರಿ ಹತ್ತಿಯ ಬೀಜವನ್ನು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸರಳನ್ನು ಕಾಲಿನಿಂದ ಉರುಳಿಸಿ ಬಿಡಿಸುತ್ತಿದ್ದರು. ವಿಲಾಯತಿ ಹತ್ತಿಯ ಎಳೆ ಬೀಜವನ್ನು ಬಿಗಿಯಾಗಿ ಹಿಡಿದಿರುವುದರಿಂದ ಗರಗಸದ ಹಲ್ಲಿನ ಜಿನ್ ಬೇಕಾಯಿತು. ಧಾರವಾಡದಲ್ಲಿ ಅಂಥ ಜಿನ್ ತಯಾರಿಸುವ, ದುರಸ್ತಿ ಮಾಡುವ ಕಾರ್ಖಾನೆಯನ್ನು ಡಾ. ಫೋರ್ಬ್ಸ್ ನಡೆಸಿದರು. ಅಕ್ಕಪಕ್ಕದ ಹೊಲಗಳಲ್ಲಿ ಎರಡು ಬಗೆಯ ಹತ್ತಿ, ಎರಡು ದರ. ಬೆರಕೆಗೆ ದಾರಿ ತೆರೆಯಿತು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ದಕ್ಷಿಣದ ಬಂದರುಗಳು ಮುಚ್ಚಿದಾಗ ಮ್ಯಾಂಚೆಸ್ಟರಿನ ಮಗ್ಗಗಳು ಭಾರತದ ಕಡೆ ತಿರುಗಿದವು. ಹತ್ತಿಯ ದರ ಹಿಂದೆಂದೂ ಕಾಣದಷ್ಟು ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆ ಧಾರವಾಡದ ಹತ್ತಿಗೆ ಕಾರವಾರದಲ್ಲಿ ಬಂದರು ಬೇಕೆಂಬ ಒತ್ತಾಯವಿತ್ತು. ಒಂದು ಜಿಲ್ಲೆಯ ಆಡಳಿತವನ್ನೇ ಹತ್ತಿ ಬದಲಿಸಿತು. ಉತ್ತರ ಕನ್ನಡ, ದಕ್ಷಿಣ ಕನ್ನಡ ಎಂದು ನಾವು ಇವತ್ತು ಹೇಳುವ ಜೋಡಿ ಹೆಸರುಗಳ ಹಿಂದೆ ಈ ಬೇರ್ಪಡೆಯ ಕಥೆಯೂ ಇದೆ.

ದರ ಏರಿದಂತೆ ಬೆರಕೆಯೂ ಏರಿತು. ವಿಲಾಯತಿ ಅರಳೆಯಲ್ಲಿ ಜವಾರಿ ಬೆರೆಸುವುದು, ತೂಕ ಬರಲೆಂದು ನೀರು ಚಿಮುಕಿಸುವುದು, ಬೀಜ ಮತ್ತು ಕಸ ಉಳಿಸುವುದು ನಡೆಯಿತು. ಬೆರಕೆಯ ವಿರುದ್ಧ ಮುಂಬಯಿಯಲ್ಲಿ 1829ರಷ್ಟು ಹಿಂದೆಯೇ ಒಂದು ನಿಬಂಧನೆ ಇತ್ತು. 1863ರ ಮುಂಬಯಿ ಹತ್ತಿ ವಂಚನೆ ಕಾಯ್ದೆ ಇನ್ನೂ ಮುಂದೆ ಹೋಗಿ ತನಿಖೆಗೆ ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ‘ಧಾರವಾಡ’ ಎಂದು ಹೇಳಿದ ಅಂಡಿಗೆಯೊಳಗೆ ಧಾರವಾಡದ್ದೇ ಇದೆಯೇ ಎಂದು ಸರಕಾರ ನೋಡತೊಡಗಿತು. ಪ್ರಶ್ನೆ ಬಂದರಿನಿಂದ ಘಟ್ಟ ಹತ್ತಿ ಜಿನ್ನುಗಳ ಬಾಗಿಲಿಗೆ ಬಂದ ಮೊದಲ ಸಂದರ್ಭ ಇದು. ವರ್ತಕರಿಗೆ ಇದು ಕಿರುಕುಳವೆನಿಸಿತು. ಖರೀದಿದಾರ ತನ್ನ ಕಣ್ಣಿನಿಂದಲೇ ನೋಡಿ ಕೊಳ್ಳಲಿ, ಸರಕಾರಕ್ಕೇಕೆ ಈ ಕೆಲಸ ಎಂಬ ವಾದ ಬಲವಾಯಿತು. 1878ರಲ್ಲಿ ಕಾಯ್ದೆಯನ್ನು ಹೊಸದಾಗಿ ಬರೆದರು, 1880ರ ದಶಕದ ಆರಂಭದಲ್ಲಿ ಅದನ್ನೂ ಕೈಬಿಟ್ಟರು.

ಅದೇ 1878ರಲ್ಲಿ ಈ ಭಾಗದ ಚರಿತ್ರೆಯಲ್ಲಿ ಹೆಚ್ಚು ಗಮನಕ್ಕೆ ಬರದ ಒಂದು ದೊಡ್ಡ ಒಪ್ಪಂದವಾಯಿತು. ಡಿಸೆಂಬರ್ 26ರಂದು ಲಿಸ್ಬನ್ನಿನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ತಮ್ಮ ಭಾರತೀಯ ಪ್ರದೇಶಗಳ ನಡುವಿನ ವ್ಯಾಪಾರದ ಕರಾರಿಗೆ ಸಹಿ ಹಾಕಿದವು. ಬ್ರಿಟಿಷರ ಪರವಾಗಿ ಅದನ್ನು ಕುದುರಿಸಿದವರು ಅಲ್ಲಿನ ರಾಯಭಾರಿ ರಾಬರ್ಟ್ ಮೋರಿಯರ್. 1880ರಲ್ಲಿ ಅದು ಜಾರಿಗೆ ಬಂತು, ಅವಧಿ ಹನ್ನೆರಡು ವರ್ಷ. ಗೋವೆ ಮತ್ತು ಬ್ರಿಟಿಷ್ ಭಾರತದ ನಡುವಿನ ಗಡಿಸುಂಕ ಎದ್ದುಹೋಯಿತು. ಬ್ರಿಟಿಷ್ ಭಾರತದ ಆಮದು ಸುಂಕದ ಪಟ್ಟಿಯನ್ನೇ ಗೋವೆಯೂ ಒಪ್ಪಿಕೊಂಡಿತು. ಗೋವೆಯ ಉಪ್ಪಿನ ತಯಾರಿಕೆಯ ಹಿಡಿತ ಬ್ರಿಟಿಷರ ಕೈಗೆ ಹೋಯಿತು, ಬದಲಿಗೆ ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ. ಮರ್ಮಗೋವೆ ಬಂದರಿನಿಂದ ಘಟ್ಟ ಹತ್ತಿ ಧಾರವಾಡದ ಬಯಲನ್ನು ಮುಟ್ಟುವ ರೈಲಿನ ಏರ್ಪಾಡೂ ಈ ಒಪ್ಪಂದದ ಜೊತೆಗೇ ಹುಟ್ಟಿತು.

ಮೂಲದ ನಿಯಮಗಳನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಪಾಠ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಎರಡು ಪ್ರದೇಶಗಳ ನಡುವೆ ಸುಂಕ ಇಲ್ಲ ಎನ್ನೋಣ. ಆದರೆ ಹೊರಗಿನಿಂದ ಬರುವ ಬಟ್ಟೆಗೆ ಒಂದು ಕಡೆ ನೂರಕ್ಕೆ ಐದು, ಇನ್ನೊಂದು ಕಡೆ ನೂರಕ್ಕೆ ಹತ್ತು ಸುಂಕ ಇದ್ದರೆ ವರ್ತಕ ಕಡಿಮೆ ಸುಂಕದ ಬಂದರಿನಲ್ಲಿ ಇಳಿಸಿ ಒಳದಾರಿಯಿಂದ ತರುತ್ತಾನೆ. ಅದನ್ನು ತಡೆಯಲು ಗಡಿಯಲ್ಲಿ ಇದು ಎಲ್ಲಿಯ ಬಟ್ಟೆ ಎಂದು ಕೇಳಲೇಬೇಕು. ಹೊರಸುಂಕ ಎರಡೂ ಕಡೆ ಒಂದೇ ಆದಾಗ ಆ ಪ್ರಶ್ನೆಯ ಅಗತ್ಯವೇ ಬೀಳುವುದಿಲ್ಲ. 1878ರ ಒಪ್ಪಂದ ಮಾಡಿದ್ದು ಅದನ್ನೇ. ಅದು ಇಂದಿನ ಅರ್ಥದ ಮುಕ್ತ ವ್ಯಾಪಾರ ಒಪ್ಪಂದಕ್ಕಿಂತ ಒಂದು ಹೆಜ್ಜೆ ಆಚೆಗಿನ ಸುಂಕದ ಒಕ್ಕೂಟ. ಹನ್ನೆರಡು ವರ್ಷ ಗೋವೆಯ ಗಡಿಯಲ್ಲಿ ಹುಟ್ಟೂರು ಕೇಳುವ ಕೆಲಸವೇ ಇಲ್ಲವಾಯಿತು.

ಆದರೆ ಪಟ್ಟಿಯನ್ನು ಬರೆಯುವ ಕೈ ಕಲ್ಕತ್ತೆಯಲ್ಲಿತ್ತು. 1882ರಲ್ಲಿ ಭಾರತ ಸರಕಾರ ಉಪ್ಪು, ಮದ್ಯ, ಆಯುಧಗಳಂಥ ಕೆಲವನ್ನು ಬಿಟ್ಟು ಆಮದು ಸುಂಕವನ್ನೆಲ್ಲ ಕಿತ್ತುಹಾಕಿತು. ಮ್ಯಾಂಚೆಸ್ಟರಿನ ಬಟ್ಟೆಗೆ ಬಾಗಿಲು ಪೂರ್ತಿ ತೆರೆಯಿತು. ಕರಾರಿನಿಂದ ಕಟ್ಟುಬಿದ್ದ ಗೋವೆಯೂ ಅದನ್ನೇ ಅನುಸರಿಸಬೇಕಾಯಿತು. ಗೋವೆಯ ಉಪ್ಪಿನ ಆಗರಗಳವರು ಬಡವಾದರು. ಘಟ್ಟದ ಮೇಲೆ ಉಪ್ಪು ಹೇರುತ್ತಿದ್ದ ಲಂಬಾಣಿಗಳ ದುಡಿಮೆಗೆ ಒಂದು ಕಡೆ ಉಪ್ಪಿನ ಕಾನೂನು, ಇನ್ನೊಂದು ಕಡೆ ರೈಲು ಪೆಟ್ಟು ಕೊಟ್ಟವು. ಚಿಕ್ಕ ಪಾಲುದಾರ ದೊಡ್ಡ ಪಾಲುದಾರನ ಸುಂಕದ ಪಟ್ಟಿಗೆ ಕೊರಳೊಡ್ಡಿದರೆ ಏನಾಗುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಟ್ಟುವಂತೆ ಕಂಡಿತು. ಅಂಥ ಪಾಲುದಾರಿಕೆಯನ್ನು ನ್ಯಾಯದ್ದೆಂದು ನಾನು ಒಪ್ಪಲಾರೆ.

ರೈಲು ಮಾತ್ರ ಉಳಿಯಿತು. ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯನ್ನು ಗದಗ, ಹರಿಹರಗಳಿಗೆ ಜೋಡಿಸಿತು. 1888ರಲ್ಲಿ ಗೋವೆಯ ಗಡಿಯ ಕ್ಯಾಸಲ್‌ರಾಕ್ ಮೂಲಕ ಮರ್ಮಗೋವೆಯ ದಾರಿ ತೆರೆಯಿತು. ನಮ್ಮ ನಾಲ್ಕು ಊರುಗಳನ್ನೂ ಹಳಿ ಮುಟ್ಟಲಿಲ್ಲ. ಸವಣೂರಿನವರಿಗೆ ಯಲವಿಗಿ ನಿಲ್ದಾಣ, ಹಾನಗಲ್ಲಿನವರಿಗೆ ಹಾವೇರಿ, ಹಿರೇಕೆರೂರಿನವರಿಗೆ ಬ್ಯಾಡಗಿ, ರಾಣೆಬೆನ್ನೂರು. ಘಟ್ಟ ಇಳಿಯುತ್ತಿದ್ದ ಚಕ್ಕಡಿಗಳು ದಿಕ್ಕು ಬದಲಿಸಿ ಪೂರ್ವಕ್ಕೆ ನಡೆದವು. ಕುಮಟಾ ಬಂದರು ಸೊರಗಿತು, ಹತ್ತಿಯ ಹೆಸರಾಗಿ ಮಾತ್ರ ಬಹುಕಾಲ ಬದುಕಿತು. 1892ರಲ್ಲಿ ಒಪ್ಪಂದ ಮುಗಿದಾಗ ಬ್ರಿಟಿಷರು ಅದನ್ನು ಮುಂದುವರಿಸಲಿಲ್ಲ. ಕ್ಯಾಸಲ್‌ರಾಕಿನಲ್ಲಿ ಸುಂಕದ ಕಟ್ಟೆ, ಅದರ ಜೊತೆಗೆ ಹಳೆಯ ಪ್ರಶ್ನೆ, ಎರಡೂ ವಾಪಸು ಬಂದವು. ಎರಡು ವರ್ಷದ ಮೇಲೆ ಖಜಾನೆ ಬರಿದಾಗಿ ಭಾರತ ಸರಕಾರ ಆಮದು ಸುಂಕವನ್ನು ಮರಳಿ ಹೇರಿತು. ಲ್ಯಾಂಕಶೈರ್ ಕೂಗೆಬ್ಬಿಸಿದ್ದರಿಂದ 1896ರಲ್ಲಿ ಆಮದು ಬಟ್ಟೆಗೆ ನೂರಕ್ಕೆ ಮೂರೂವರೆ ಸುಂಕ, ಭಾರತದ ಗಿರಣಿ ಬಟ್ಟೆಗೂ ಅಷ್ಟೇ ಅಬಕಾರಿ ಎಂದಾಯಿತು. ನಮ್ಮ ಹತ್ತಿಯಿಂದ ನಮ್ಮ ಗಿರಣಿಯಲ್ಲಿ ನೇಯ್ದ ಬಟ್ಟೆಗೆ ಸ್ವಂತ ನೆಲದ ಆಸರೆಯೂ ಸಿಗಲಿಲ್ಲ.

ಮುಂದಿನ ದೊಡ್ಡ ತಿದ್ದುಪಡಿ ಮೊದಲನೆಯ ಮಹಾಯುದ್ಧದ ಹೊತ್ತಿನದು. ಜೆ. ಮೆಕೆನ್ನಾ ಅವರ ಅಧ್ಯಕ್ಷತೆಯಲ್ಲಿ 1917ರಲ್ಲಿ ನೇಮಕವಾದ ಭಾರತೀಯ ಹತ್ತಿ ಸಮಿತಿ ದೇಶವನ್ನೆಲ್ಲ ಸುತ್ತಿ 1919ರಲ್ಲಿ ವರದಿ ಕೊಟ್ಟಿತು. ಸಮಿತಿ ಕಂಡದ್ದು ಒಂದು ವಿಚಿತ್ರ ವ್ಯಾಪಾರ. ಗಿಡ್ಡ ಎಳೆಯ ಅಗ್ಗದ ಹತ್ತಿಯನ್ನು ರೈಲಿನಲ್ಲಿ ಹೇರಿಕೊಂಡು ಒಳ್ಳೆಯ ಹತ್ತಿಯ ಸೀಮೆಗೆ ತರುತ್ತಾರೆ. ಅಲ್ಲಿಯ ಜಿನ್ನಿನಲ್ಲಿ ಎರಡನ್ನೂ ಬೆರೆಸಿ ಒತ್ತುತ್ತಾರೆ. ಅಲ್ಲಿಂದ ಹೊರಡುವ ಅಂಡಿಗೆಗೆ ಒಳ್ಳೆಯ ಸೀಮೆಯ ಹೆಸರೇ ಇರುತ್ತದೆ. ಬೀಜವೂ ಬೆರೆತು ಮರುವರ್ಷದ ಬಿತ್ತನೆ ಕೆಡುತ್ತದೆ. ಮೂರನೆಯ ದೇಶದ ಸರಕು ಪಾಲುದಾರ ದೇಶದಲ್ಲಿ ವೇಷ ಬದಲಿಸಿ ಬರುವುದಕ್ಕೂ ಇದಕ್ಕೂ ವ್ಯತ್ಯಾಸವೇನಿದೆ? ಜಿಲ್ಲೆ ಜಿಲ್ಲೆಗಳ ನಡುವೆ ನಡೆಯಿತು ಎನ್ನುವುದಷ್ಟೇ.

ಅದಕ್ಕೆ ಮದ್ದಾಗಿ ಬಂದದ್ದು 1923ರ ಹತ್ತಿ ಸಾಗಣೆ ಕಾಯ್ದೆ. ಪ್ರಾಂತ ಸರಕಾರ ಒಂದು ಸೀಮೆಯನ್ನು ರಕ್ಷಿತ ವಲಯವೆಂದು ಸಾರಿದರೆ ಹೊರಗಿನ ಹತ್ತಿ, ಅರಳೆ, ಹತ್ತಿ ಕಾಳು, ಹತ್ತಿಯ ಕಸ ಇವುಗಳನ್ನು ಪರವಾನಗಿ ಇಲ್ಲದೆ ಒಳಗೆ ತರುವಂತಿಲ್ಲ. ಕುಮಟಾ-ಧಾರವಾಡ ಹತ್ತಿಯ ಸೀಮೆಯೂ ಇಂಥ ವಲಯವಾಯಿತು. ಸ್ಟೇಷನ್ ಮಾಸ್ತರ ಪರವಾನಗಿ ನೋಡದೆ ಸರಕು ಬಿಡುವಂತಿರಲಿಲ್ಲ. ಸುಂಕದ ಅಧಿಕಾರಿ ಇಲ್ಲದ ಯಲವಿಗಿ, ಹಾವೇರಿಗಳಂಥ ನಿಲ್ದಾಣಗಳಲ್ಲಿ ರೈಲ್ವೆಯ ನೌಕರರೇ ಹುಟ್ಟೂರಿನ ಕಾವಲುಗಾರರಾದರು. ಇದರಲ್ಲಿ ಒಂದು ತೊಡಕೂ ಇತ್ತು. ಬ್ರಿಟಿಷ್ ಭಾರತದ ಕಾಯ್ದೆ ಸಂಸ್ಥಾನಗಳಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಕೋಡ ತಾಲ್ಲೂಕಿನ ಬೆನ್ನಿಗೇ ಮೈಸೂರು, ಜಿಲ್ಲೆಯ ಹೊಟ್ಟೆಯೊಳಗೇ ಸವಣೂರು. ಗಿಡಕ್ಕೆ ಬೇಕಾದ ಮಣ್ಣು ಮಳೆಗಳು ಒಂದೇ ಆದರೂ ವಲಯದ ಗೆರೆ ಸರಕಾರಗಳ ಗೆರೆಯನ್ನು ಹಿಡಿದೇ ಸಾಗಬೇಕಿತ್ತು.

1925ರಲ್ಲಿ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆಗಳ ಕಾಯ್ದೆ ಬಂತು. ಪ್ರತಿಯೊಂದು ಪ್ರೆಸ್ಸಿಗೂ ಒಂದು ಗುರುತು, ಪ್ರತಿ ಅಂಡಿಗೆಗೂ ಆ ಗುರುತು ಮತ್ತು ಕ್ರಮಸಂಖ್ಯೆ. ಲಿವರ್‌ಪೂಲಿನಲ್ಲಿ ಬಿಚ್ಚಿದ ಅಂಡಿಗೆಯಲ್ಲಿ ಕಲ್ಲು ಸಿಕ್ಕರೆ ಅದನ್ನು ಒತ್ತಿದ ಪ್ರೆಸ್ಸನ್ನು ಹುಡುಕಬಹುದಾಯಿತು. ಈ ಎರಡು ಕಾಯ್ದೆಗಳ ಬಗ್ಗೆ ನನಗೆ ಗೌರವವಿದೆ. ಒಳ್ಳೆಯ ಹತ್ತಿ ಬೆಳೆದವನ ಹೆಸರನ್ನು ಬೇರೆಯವರ ಬೆರಕೆ ಕೆಡಿಸಬಾರದು ಎಂಬ ಕಾಳಜಿ ಅವುಗಳಲ್ಲಿ ನಿಜವಾಗಿಯೂ ಇತ್ತು. ಧಾರವಾಡದ ಸಂಶೋಧಕರು ಜಯವಂತದಂಥ ಸುಧಾರಿತ ತಳಿ ಕೊಟ್ಟಾಗ ಅದನ್ನು ಶುದ್ಧವಾಗಿ ಉಳಿಸಲು ಇಂಥ ಬೇಲಿ ಬೇಕೇ ಬೇಕಿತ್ತು. ಆದರೆ ಗುರುತು ಶುರುವಾದದ್ದು ಪ್ರೆಸ್ಸಿನಿಂದ. ಅಡತಿ ಅಂಗಡಿಯಲ್ಲಿ ಹತ್ತೂರಿನ ಹತ್ತಿ ಒಂದೇ ರಾಶಿಯಾದ ಮೇಲೆ ಹೊಲದ ಗುರುತು ಉಳಿಯುತ್ತಿರಲಿಲ್ಲ. ಚೆನ್ನಾಗಿ ಒಣಗಿಸಿ ಕಸ ಆರಿಸಿ ತಂದವನಿಗೂ ಹಾಗೇ ತುರುಕಿ ತಂದವನಿಗೂ ದರದಲ್ಲಿ ಭೇದ ಕಾಣದಿದ್ದರೆ ಮುಂದಿನ ಸುಗ್ಗಿಯಲ್ಲಿ ಯಾರು ಕಸ ಆರಿಸುತ್ತಾರೆ?

1932ರ ಆಗಸ್ಟಿನಲ್ಲಿ ಕೆನಡಾದ ಒಟ್ಟಾವಾದಲ್ಲಿ ಸಾಮ್ರಾಜ್ಯದ ದೇಶಗಳು ಸೇರಿ ಪರಸ್ಪರ ಸುಂಕದ ರಿಯಾಯಿತಿ ಕೊಟ್ಟುಕೊಂಡವು. ಈಗ ಹುಟ್ಟೂರಿಗೆ ಶೇಕಡಾ ಲೆಕ್ಕ ಬಂತು. 1919ರಲ್ಲಿಯೇ ಬ್ರಿಟನ್ ತನ್ನ ರಿಯಾಯಿತಿಗೆ, ಸರಕಿನ ಮೌಲ್ಯದಲ್ಲಿ ಕಾಲು ಭಾಗವಾದರೂ ಸಾಮ್ರಾಜ್ಯದೊಳಗಿನ ದುಡಿಮೆ ಇರಬೇಕೆಂಬ ಷರತ್ತು ಹಾಕಿತ್ತು. ಇಂದಿನ ಒಪ್ಪಂದಗಳ ಮೌಲ್ಯವರ್ಧನೆಯ ನಿಯಮದ ಬೇರು ಅಲ್ಲಿದೆ. ಭಾರತದ ಕಚ್ಚಾ ಹತ್ತಿಯ ಬಳಕೆ ಹೆಚ್ಚಿಸಲು ಸಹಕರಿಸುತ್ತೇವೆ ಎಂಬ ಮಾತನ್ನೂ ಬ್ರಿಟನ್ ಒಟ್ಟಾವಾದಲ್ಲಿ ಕೊಟ್ಟಿತು. ಮರುವರ್ಷ ಭಾರತ ಜಪಾನಿ ಬಟ್ಟೆಗೆ ಸುಂಕ ಏರಿಸಿದಾಗ ಜಪಾನಿನ ಗಿರಣಿಗಳು ಭಾರತದ ಹತ್ತಿ ಕೊಳ್ಳುವುದನ್ನು ನಿಲ್ಲಿಸಿದವು. 1934ರ ಒಪ್ಪಂದದಲ್ಲಿ ರಾಜಿಯಾಯಿತು: ಜಪಾನ್ 10 ಲಕ್ಷ ಅಂಡಿಗೆ ಹತ್ತಿ ಕೊಂಡರೆ 32.5 ಕೋಟಿ ಗಜ ಬಟ್ಟೆ ಭಾರತಕ್ಕೆ ತರಬಹುದು. ಹತ್ತಿ ಯಾವ ಹೊಲದ್ದು ಎಂಬ ವಿಚಾರವೇ ಅಲ್ಲಿ ಹಿಂದೆ ಸರಿಯಿತು.

1948ರಲ್ಲಿ ಸವಣೂರು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರಲ್ಲಿ ಹಿರೇಕೆರೂರು, ಶಿಕಾರಿಪುರಗಳ ನಡುವಿನ ಗಡಿ ಒಂದೇ ರಾಜ್ಯದ ಜಿಲ್ಲಾ ಗಡಿಯಾಯಿತು. 1961ರಲ್ಲಿ ಗೋವೆ ಭಾರತಕ್ಕೆ ಸೇರಿದಾಗ ಕ್ಯಾಸಲ್‌ರಾಕಿನ ಸುಂಕದ ಕೆಲಸ ಮುಗಿಯಿತು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟಾರ್ಕಿ ಅವರು ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯನ್ನು ಕೊಟ್ಟರು, ಆಮೇಲೆ ಜಯಲಕ್ಷ್ಮಿ ಬಂತು. ಎಳೆ ಉದ್ದ, ನೂಲು ಸಣ್ಣ. ಹೈಬ್ರಿಡ್ ಬೀಜೋತ್ಪಾದನೆ ಹಾವೇರಿ ಸೀಮೆಯ ಮನೆ ಮನೆಯ ದುಡಿಮೆಯಾಯಿತು. ಸಂಜೆ ಮೊಗ್ಗಿನ ಕೇಸರ ಬಿಡಿಸಿ, ಬೆಳಿಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸುವ ಆ ಕೆಲಸವನ್ನು ಬಹುಪಾಲು ಮಾಡುವವರು ಹೆಣ್ಣುಮಕ್ಕಳು. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. ಅದರ ಬೆನ್ನಿಗೇ ಸುಂಕದ ಪ್ರಶ್ನೆ ಹೊಸ ರೂಪದಲ್ಲಿ ಬಾಗಿಲಿಗೆ ಬಂತು.

1998ರಲ್ಲಿ ಸಹಿಯಾಗಿ 2000ದ ಮಾರ್ಚಿನಲ್ಲಿ ಜಾರಿಯಾದ ಭಾರತ-ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದಲ್ಲಿ, ತಯಾರಿಸಿದ ಸರಕಿಗೆ ಕನಿಷ್ಠ ಶೇಕಡಾ 35ರಷ್ಟು ಮೌಲ್ಯ ಅಲ್ಲಿಯೇ ಸೇರಬೇಕು. ಬೆಳೆಯಾದರೆ ಅಲ್ಲಿಯ ನೆಲದಲ್ಲೇ ಬೆಳೆದಿರಬೇಕು. ಮುಂದೆ ಕರ್ನಾಟಕದ ಕಾಳುಮೆಣಸು ಬೆಳೆಗಾರರು, ವಿಯೆಟ್ನಾಮಿನ ಮೆಣಸು ಶ್ರೀಲಂಕಾದ ಪ್ರಮಾಣಪತ್ರ ಹೊತ್ತು ಬರುತ್ತಿದೆ ಎಂದು ದೂರಿದರು. 1919ರ ಸಮಿತಿ ಹತ್ತಿಯಲ್ಲಿ ಕಂಡ ದಾರಿಯೇ ಇದು, ಸರಕು ಮಾತ್ರ ಬೇರೆ. 2017ರ ಡಿಸೆಂಬರಿನಲ್ಲಿ ಮೆಣಸಿಗೆ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ದರ ನಿಗದಿಯಾಯಿತು. ಅಡಿಕೆಗೆ 2023ರ ಫೆಬ್ರುವರಿಯಲ್ಲಿ ಅದನ್ನು 251ರಿಂದ 351ಕ್ಕೆ ಏರಿಸಿದರು. ಹಾನಗಲ್ ಮತ್ತು ಹಿರೇಕೆರೂರಿನಲ್ಲಿ ಭತ್ತದ ಗದ್ದೆಗಳು, ಹತ್ತಿಯ ಹೊಲಗಳು ಅಡಿಕೆ ತೋಟಗಳಾಗುತ್ತಿರುವ ಈ ದಿನಗಳಲ್ಲಿ ಅಲ್ಲಿಯ ರೈತರಿಗೆ ಈ ಅಂಕೆಗಳು ಬಾಯಿಪಾಠ.

ಇದರ ನಡುವೆ ನಿಯಮಗಳನ್ನೇ ಬದಲಿಸಿದರು. 2020ರಲ್ಲಿ ಸುಂಕದ ಕಾಯ್ದೆಗೆ 28ಡಿಎ ಎಂಬ ಹೊಸ ಕಲಮು ಸೇರಿತು. ಅದರಡಿಯ ನಿಯಮಗಳು ಅದೇ ವರ್ಷ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದವು. ಅಲ್ಲಿಯ ತನಕ ಹೊರದೇಶದ ಅಧಿಕಾರಿ ಕೊಟ್ಟ ಪ್ರಮಾಣಪತ್ರ ತೋರಿಸಿದರೆ ಸಾಕಿತ್ತು. ಈಗ ಆಮದುದಾರನೇ ಸರಕು ಹೇಗೆ ಎಲ್ಲಿ ತಯಾರಾಯಿತೆಂದು ತಿಳಿದಿರಬೇಕು, ಆ ವಿವರವನ್ನು ಐದು ವರ್ಷ ಕಡತದಲ್ಲಿ ಇಟ್ಟಿರಬೇಕು, ಕೇಳಿದಾಗ ಕೊಡಬೇಕು. 2025ರ ಮಾರ್ಚಿನಲ್ಲಿ ಮತ್ತೊಂದು ತಿದ್ದುಪಡಿ: ಪ್ರಮಾಣಪತ್ರ ಎಂದಿದ್ದ ಕಡೆ ಮೂಲದ ಪುರಾವೆ ಎಂದಾಯಿತು. ರಫ್ತುದಾರ ತಾನೇ ಬರೆದುಕೊಡುವ ಘೋಷಣೆಗೂ ಇದರಿಂದ ಜಾಗ ಸಿಕ್ಕಿತು. ಅದೇ ವರ್ಷದ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ಒಪ್ಪಂದದಲ್ಲೂ ಅಂಥ ಘೋಷಣೆಗೆ ಅವಕಾಶವಿದೆ. 2022ರ ಕೊನೆಗೆ ಜಾರಿಯಾದ ಆಸ್ಟ್ರೇಲಿಯಾ ಒಪ್ಪಂದದಡಿ ವರ್ಷಕ್ಕೆ 51,000 ಟನ್ ಆಸ್ಟ್ರೇಲಿಯಾದ ಹತ್ತಿ ಸುಂಕವಿಲ್ಲದೆ ಬರಬಹುದು. ಉದ್ದ ಎಳೆಯ ಹತ್ತಿಗೆಂದೇ ವರಲಕ್ಷ್ಮಿಯನ್ನು ಹುಟ್ಟಿಸಿದ ಸೀಮೆಗೆ ಈಗ ಬೇರೆ ದೇಶದ ಹತ್ತಿ ಹುಟ್ಟೂರಿನ ಪತ್ರ ಹಿಡಿದು ಬರುತ್ತಿದೆ.

ಹೊಲದ ಹೆಸರು ಇವತ್ತು ದಾಖಲೆಯಲ್ಲಿ ಇಲ್ಲದೆ ಇಲ್ಲ. ಪಹಣಿಯಲ್ಲಿ ಸರ್ವೆ ನಂಬರ್ ಇದೆ, ಬೆಳೆ ಸಮೀಕ್ಷೆಯಲ್ಲಿ ಯಾವ ಹಿಸ್ಸೆಯಲ್ಲಿ ಏನು ಬೆಳೆದಿದೆ ಎಂಬುದು ಚಿತ್ರಸಮೇತ ಇದೆ, ಎಪಿಎಂಸಿಯ ತೂಕದ ಪಟ್ಟಿ ಇದೆ. ಮೂಲದ ಪುರಾವೆಯ ಕಡತಕ್ಕೆ ಇವುಗಳನ್ನು ಜೋಡಿಸಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಹಾಗೆ ಜೋಡಿಸುವಾಗ ಅದರ ಖರ್ಚು ಬೆಳೆದವನ ತಲೆಗೆ ಬೀಳಬಾರದು. ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಅರಣ್ಯನಾಶ ತಡೆ ಕಾನೂನು ಕಾಫಿ ತೋಟದ ಅಕ್ಷಾಂಶ ರೇಖಾಂಶಗಳನ್ನೇ ಕೇಳುತ್ತದೆ. ಕೊಡಗು, ಚಿಕ್ಕಮಗಳೂರಿನ ಸಣ್ಣ ಬೆಳೆಗಾರರು ಅದನ್ನು ಹೊಂದಿಸುವ ಕಷ್ಟದಲ್ಲಿದ್ದಾರೆ. ಹತ್ತಿ ಆ ಕಾನೂನಿನ ಸರಕುಗಳ ಪಟ್ಟಿಯಲ್ಲಿಲ್ಲ. ಹತ್ತಿಗೆ ಕೇಂದ್ರ ಸರಕಾರ 2020ರ ಅಕ್ಟೋಬರಿನಲ್ಲಿ ಕಸ್ತೂರಿ ಎಂಬ ಬ್ರಾಂಡ್ ಹೊರಡಿಸಿತು. ಅಂಡಿಗೆಯ ಮೇಲಿನ ಕ್ಯೂಆರ್ ಕೋಡನ್ನು ಫೋನಿನಲ್ಲಿ ನೋಡಿದರೆ ಅದು ಬಂದ ದಾರಿ ತಿಳಿಯುತ್ತದೆ. ಆ ದಾರಿ, 1925ರಲ್ಲಿ ಇದ್ದಂತೆ, ಜಿನ್ನಿಂಗ್ ಫ್ಯಾಕ್ಟರಿಯಿಂದ ಶುರುವಾಗುತ್ತದೆ.